ಹೊಸ್ತಿಲ ಮೇಲೆ ದೊರೆ

ತಂಗಿ ನೆಲಕ್ಕೆ ಕೆನ್ನೆ ಹಚ್ಚಿ, ಸೋಫಾದಡಿ ಕೈ ತೂರಿಸಿ ತಡಕಾಡುತ್ತಿದ್ದಳು. ಪಕ್ಕದಲ್ಲೇ ಶವಪೆಟ್ಟಿಗೆಯಲ್ಲಿ ಅಕ್ಕ ಮಲಗಿದ್ದಳು. ಧೂಳಿನ ಉಂಡೆ ಸಿಕ್ಕಿತು, ಪೆನ್ನಿನ ಮುಚ್ಚಳ ಸಿಕ್ಕಿತು. ಕಿವಿ ಮಿಷನ್ ಮಾತ್ರ ಸಿಗಲಿಲ್ಲ.

ಅದನ್ನು ಕಿವಿಯಿಂದ ಕಿತ್ತ ಮಹರಾಯ ಹೊಸ್ತಿಲ ಮೇಲೆ ಬಂಡೆಯಂತೆ ಕೂತಿದ್ದ. ತಲೆ ನರೆತ ಗಂಡಸು. ಕಲಿಕೆ ನಿಧಾನವಾದ ದೊಡ್ಡವರು ಹಗಲು ಕಳೆಯುವ ಕೇಂದ್ರದಿಂದ ಆಯಾ ಅವನನ್ನು ಕರೆತಂದಿದ್ದಳು. ಅಲ್ಲಿ ಕಿವಿ ಮಂದವಾದವರಿಗೆ ಮಿಷನ್ ರೂಢಿ ಮಾಡಿಸುವುದೇ ಅಕ್ಕನ ಕೆಲಸವಾಗಿತ್ತು. ಯಾರು ಕರೆದರೂ ತಿರುಗಿ ನೋಡದ ಇವನಿಗೆ ‘ದೊರೆ’ ಎಂದು ಹೆಸರಿಟ್ಟವಳೂ ಅವಳೇ.

ಪೆಟ್ಟಿಗೆ ಹೊರಗೆ ಹೋಗಬೇಕಾದರೆ ದೊರೆ ಏಳಬೇಕು. ಒಬ್ಬೊಬ್ಬರಾಗಿ ಎಲ್ಲರೂ ಹೇಳಿ ಸೋತಿದ್ದರು. ಹಿಡಿದು ಆಚೆ ಕೂರಿಸೋಣವೆಂದು ತಂಗಿಯ ಗಂಡ ಅಂಗಿಯ ತೋಳು ಮಡಿಸಿದ.

“ಬಲವಂತ ಮಾಡಿದ್ರೆ ಇನ್ನು ಆ ಮಿಷನ್ ಮುಟ್ಟೋದೇ ಇಲ್ಲ,” ಎಂದಳು ಆಯಾ. “ನಿಮ್ಮಕ್ಕ ಪಟ್ಟ ಪಾಡೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ.”

ತಂಗಿಗೆ ಮೈ ಉರಿಯಿತು. ತನ್ನ ಮದುವೆಗೂ ಅಕ್ಕ ಬಂದದ್ದು ಜನ ಊಟ ಮುಗಿಸಿ ಕೈ ತೊಳೆಯುವಾಗ. ಯಾರೋ ಮೊದಲ ಸಲ ಕಿವಿಯಲ್ಲಿ ಮಿಷನ್ ಇಟ್ಟುಕೊಂಡಿದ್ದರಂತೆ, ನಡುವೆ ಎದ್ದು ಬರುವುದು ಹೇಗೆ ಎಂದಿದ್ದಳು. ಇವತ್ತು ಅವಳದೇ ಅಂತ್ಯಕ್ರಿಯೆಗೂ ತಡ.

*

ಹಿಂದೊಂದು ಭಾನುವಾರ ಊಟಕ್ಕೆ ಬಂದ ಅಕ್ಕ ತನ್ನ ಕಿವಿಗೇ ಮಿಷನ್ ಸಿಕ್ಕಿಸಿಕೊಂಡಿದ್ದಳು. ಕುರ್ಚಿ ಎಳೆದರೆ ಬೆಚ್ಚುತ್ತಿದ್ದಳು, ಮಕ್ಕಳು ನಕ್ಕರೆ ಮುಖ ಕಿವುಚುತ್ತಿದ್ದಳು.

“ಚಮಚ ತಟ್ಟೆ ಮೇಲೆ ಬಿದ್ರೆ ತಲೆ ಮೇಲೇ ಬಿದ್ದಂಗಾಗುತ್ತೆ ಕಣೇ. ದೊರೆ ಕಿತ್ತೆಸೀದೆ ಇನ್ನೇನು ಮಾಡ್ತಾನೆ?”

ದೊರೆಗೆ ಮೊದಮೊದಲು ಮಿಷನ್ನನ್ನು ಬರೀ ಮುಟ್ಟಲು ಕೊಟ್ಟಳಂತೆ. ಆಮೇಲೆ ಸ್ವಿಚ್ ಹಾಕದೆ ಕಿವಿಗೆ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಅವನಿಗಿಷ್ಟವಾದ ಒಂದೇ ಸದ್ದು, ಕಾಗದ ಹರಿಯುವುದು. ಕೇಂದ್ರದ ಹಳೇ ಪತ್ರಿಕೆಗಳೆಲ್ಲ ಚಿಂದಿಯಾಗಿದ್ದವು.

“ದಿನಾ ಅಂಗೈ ಮೇಲಿಟ್ಟು ಚಾಚ್ತೀನಿ. ಅವನಾಗೇ ತಗೋಬೇಕು.”

“ತಗೊಳ್ಳದಿದ್ರೆ?”

“ನಾಳೆ ಮತ್ತೆ ಚಾಚ್ತೀನಿ.”

ಅದೇ ಅಕ್ಕ, ತಂಗಿ ಒಂದು ಮಾತನ್ನು ಎರಡು ಸಲ ಕೇಳಿದರೆ “ಕಿವಿಗೇನು ಹತ್ತಿ ಇಟ್ಕೊಂಡಿದ್ದೀಯಾ” ಎಂದು ಹರಿಹಾಯುತ್ತಿದ್ದಳು. ತಾಳ್ಮೆಯೆಲ್ಲ ಕೇಂದ್ರದಲ್ಲೇ ಖರ್ಚಾಗಿ, ಮನೆಯವರ ಪಾಲಿಗೆ ತಳ ಹಿಡಿದದ್ದಷ್ಟೇ ಉಳಿಯುತ್ತಿತ್ತು.

*

ತಂಗಿ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡಳು. ಬಾಗಿಲಿಗೆ ಬಂದು ಕೂರುವ ಮೊದಲು ಇವನು ಎಲ್ಲಿದ್ದ ಎಂದು ಕೇಳಿದಳು. ಪೆಟ್ಟಿಗೆಯ ಹತ್ತಿರವೇ ನಿಂತಿದ್ದನೆಂದಳು ಆಯಾ.

ಹೊದಿಕೆ ಸರಿಸಿ ನೋಡಿದರೆ, ಮಿಷನ್ ಅಕ್ಕನ ಅಂಗೈಯಲ್ಲಿತ್ತು. ಎಸೆದಿರಲಿಲ್ಲ. ಅವಳು ಚಾಚಲೆಂದು ಕೊಟ್ಟು, ಕಾದು, ಕೊನೆಗೆ ಮುನಿಸಿಕೊಂಡು ಬಾಗಿಲಿಗೆ ಹೋಗಿದ್ದ.

“ಹೋಗೋಳು ನೆಮ್ಮದಿಯಾಗಿ ಹೋಗಬಾರದಾ?” ಎಂದು ಗೊಣಗಿ, ತಂಗಿ ಅದನ್ನೆತ್ತಿಕೊಂಡಳು. ಹೊಸ್ತಿಲಿಗೆ ಹೋಗಿ ದೊರೆಯ ಎದುರು ಚಕ್ಕಳಮಕ್ಕಳ ಕೂತು ಅಂಗೈ ಚಾಚಿದಳು. ಅವನು ನೋಡಲಿಲ್ಲ. ಅವಳು ಕೈ ಹಿಂದೆಗೆಯಲಿಲ್ಲ. ಇನ್ನೆಷ್ಟು ಹೊತ್ತೆಂದು ಗಂಡ ಕೇಳಿದ. ಬಾಯಿ ಮುಚ್ಚಿಕೊಂಡು ನಿಲ್ಲುವಂತೆ ಸನ್ನೆ ಮಾಡಿದಳು. ತೋಳು ಜೋಮು ಹಿಡಿಯಿತು. ಇನ್ನೊಂದು ಕೈಯನ್ನು ಊರುಗೋಲಿನಂತೆ ಕೊಟ್ಟುಕೊಂಡು, ಅಕ್ಕನನ್ನು ಮನಸ್ಸಿನಲ್ಲೇ ಬೈಯುತ್ತ ಕೂತಳು.

ಕೊನೆಗೆ ಎರಡು ಬೆರಳು ಬಂದು ಮಿಷನ್ ಎತ್ತಿಕೊಂಡವು.

ದೊರೆ ಅದನ್ನು ಕಿವಿಗಿಟ್ಟುಕೊಂಡನೋ ಇಲ್ಲವೋ, ಪೆಟ್ಟಿಗೆ ಒಯ್ಯಲು ಬಂದು ಹೊರಗೆ ಕಾದು ಬೇಸತ್ತ ವ್ಯಾನಿನ ಚಾಲಕ ಹಾರನ್ ಒತ್ತಿದ. ದೊರೆ ಮುಖ ಕಿವುಚಿದ, ಕೈ ಕಿವಿಯ ತನಕ ಹೋಯಿತು. ಕೀಳಲಿಲ್ಲ. ಎದ್ದ. ನೆಟ್ಟಗೆ ವ್ಯಾನಿನ ಹತ್ತಿರ ನಡೆದು, ಕಿಟಕಿಯೊಳಗೆ ಕೈ ಹಾಕಿ, ಚಾಲಕನ ಕೈಯನ್ನು ಹಾರನ್ನಿನಿಂದ ಮೆಲ್ಲಗೆ ಎತ್ತಿದ. ಹಿಂದೆ ಪೆಟ್ಟಿಗೆ ಹೊಸ್ತಿಲು ದಾಟುತ್ತಿದ್ದಾಗಲೂ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೇ ನಿಂತಿದ್ದ.