ಅಧ್ಯಕ್ಷರ ಅಪ್ಪನ ಜಾಗ

ನಾನು ಒಂದು ತೇಗದ ಬೆಂಚು. ಹುಬ್ಬಳ್ಳಿಯ ಬಡಿಗ ಮೌನೇಶಪ್ಪ ನನ್ನನ್ನು ಐದು ಜನ ಆರಾಮಾಗಿ ಕೂರುವಷ್ಟು ಉದ್ದ ಮಾಡಿದ. ಮೊದಲ ಹನ್ನೆರಡು ವರ್ಷ ಒಬ್ಬ ನಾಟಿ ವೈದ್ಯರ ಜಗಲಿಯಲ್ಲಿದ್ದೆ. ಕೆಮ್ಮುವವರು, ಕುಂಟುವವರು, ಸುಮ್ಮನೆ ಹರಟಲು ಬಂದವರು ಎಲ್ಲರೂ ಕೂತರು. ವೈದ್ಯರು ತೀರಿಕೊಂಡ ಮೇಲೆ ಊರಿನ ಯಹೂದಿಗಳು ತಮ್ಮ ಪ್ರಾರ್ಥನಾ ಮಂದಿರಕ್ಕೆ ನನ್ನನ್ನು ಕೊಂಡರು. ದೇವರ ಮನೆ ಸೇರಿದೆನೆಂದು ಹಿಗ್ಗಿದೆ. ನನ್ನ ದಡ್ಡತನ!

ಅಲ್ಲಿ ಇದ್ದದ್ದೇ ಹತ್ತು ಗಂಡಸರು. ಗತ್ತು ಮಾತ್ರ ಊರಿಗೆಲ್ಲ ಹಂಚುವಷ್ಟು. ಬಾಗಿಲಲ್ಲಿ 'ಎಲ್ಲರಿಗೂ ಸುಸ್ವಾಗತ' ಎಂಬ ಬೋರ್ಡು, ಒಳಗೆ ಸ್ವಾಗತ ಸಮಿತಿ ಬೇರೆ. ಆ ಸಮಿತಿ ಒಂದು ನರಪಿಳ್ಳೆಯನ್ನಾದರೂ ಸ್ವಾಗತಿಸಿದ್ದನ್ನು ನಾನು ಕಂಡಿಲ್ಲ. ಸೇರುತ್ತಿತ್ತು, ಚುರುಮುರಿ ತಿನ್ನುತ್ತಿತ್ತು, ಏಳುತ್ತಿತ್ತು. ನನ್ನ ಬಲತುದಿ ಅಧ್ಯಕ್ಷ ಹಾಯೀಮ್ ಝಿರಾಡಕರರ ಅಪ್ಪನ ಜಾಗ. ಅಪ್ಪ ಸತ್ತು ಒಂಬತ್ತು ವರ್ಷವಾಗಿತ್ತು. ಆದರೂ ಅಲ್ಲಿ ಧೂಳು ಕೂರಬಹುದಿತ್ತೇ ಹೊರತು ಮನುಷ್ಯ ಕೂರುವಂತಿರಲಿಲ್ಲ.

ಒಂದು ಶನಿವಾರ, ಯಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್ತಿನ ಬೆಳಿಗ್ಗೆ, ಎಜ್ರಾ ಎಂಬ ಹೊಸಬ ಬಂದ. ಬೆಳಗಾವಿಯಿಂದ ವರ್ಗವಾಗಿ ಬಂದು ನಾಲ್ಕೇ ದಿನ. ತಿಂಗಳ ಹಿಂದೆ ಅವನ ತಾಯಿ ತೀರಿಕೊಂಡಿದ್ದಳು. ಅವಳಿಗಾಗಿ ಕದ್ದೀಶ್ ಹೇಳಬೇಕಿತ್ತು. ಸತ್ತವರಿಗಾಗಿ ಮಕ್ಕಳು ಹೇಳುವ ಆ ಪ್ರಾರ್ಥನೆಗೆ ಹತ್ತು ಗಂಡಸರು ಸೇರಲೇಬೇಕು. ಪಾಪ, ಅವನು ನನ್ನ ಬಲತುದಿಯಲ್ಲೇ ಕೂತ.

"ಏಳ್ರಿ, ಏಳ್ರಿ. ಅದು ನಮ್ಮಪ್ಪನ ಜಾಗಾ," ಎಂದರು ಹಾಯೀಮ್.

ಎಜ್ರಾ ಎಡಕ್ಕೆ ಸರಿದ.

"ಅದು ಕಾರ್ಯದರ್ಶಿಗಳದು. ನಿಮ್ಮ ಮನೆತನ ಯಾವುದು?"

"ತಾಯಿ ತೀರಿಕೊಂಡಾಳ್ರಿ. ಕದ್ದೀಶ್ ಹೇಳಾಕ ಬಂದೀನಿ."

"ಮೊದ್ಲ ಸಮಿತಿಗೆ ಅರ್ಜಿ ಕೊಡ್ರಿ. ಇವತ್ತ ಸಬ್ಬತ್, ಏನೂ ಬರಿಯಾಂಗಿಲ್ಲ. ಮುಂದಿನ ವಾರ ನೋಡೂಣು."

ಎಜ್ರಾ ಎದ್ದು ಹೊರಟುಹೋದ.

ಆಮೇಲೆ ತಲೆ ಎಣಿಕೆ. ಇವರು ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಹತ್ತು ಪದಗಳ ಶ್ಲೋಕವೊಂದನ್ನು ತಲೆಗೊಂದು ಪದದಂತೆ ಹೇಳುತ್ತಾರೆ. ಅಂದು ಒಬ್ಬರು ಮದುವೆಗೆಂದು ಪರವೂರಿಗೆ ಹೋಗಿದ್ದರು. ಒಂಬತ್ತನೆಯ ಪದಕ್ಕೇ ತಲೆಗಳು ಮುಗಿದವು. ಹತ್ತನೆಯದು ಹಾಯೀಮರ ಬಾಯಲ್ಲೇ ಉಳಿಯಿತು. ಅಂದು ಅವರ ಅಪ್ಪನ ವರ್ಷದ ತಿಥಿ, ಮಗ ಕದ್ದೀಶ್ ಹೇಳಬೇಕಾದ ದಿನ. ಅಪ್ಪನ ಜಾಗ ಕಾದ ಮಗ ಅಪ್ಪನಿಗೇ ಕದ್ದೀಶ್ ಹೇಳುವಂತಿಲ್ಲ!

ಅಧ್ಯಕ್ಷರು ಹೊಟ್ಟೆ ಕುಣಿಸುತ್ತ ಬೀದಿಗೆ ಓಡಿದರು. ಎರಡು ಓಣಿ ದಾಟಿ ಎಜ್ರಾನ ಕೈಕಾಲು ಹಿಡಿದು ಕರೆತಂದರು. ಅಪ್ಪನ ಜಾಗವನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿದರು.

"ಬರ್ರಿ, ಇಲ್ಲೇ ಕೂಡ್ರಿ."

"ಬ್ಯಾಡ್ರಿ. ಕದ್ದೀಶ್ ನಿಂತ ಹೇಳೂದೈತ್ರಿ," ಎಂದ ಎಜ್ರಾ.

ಇಬ್ಬರೂ ಅಕ್ಕಪಕ್ಕ ನಿಂತು ಹೇಳಿದರು. ಅಷ್ಟು ಹೊತ್ತು ಮಾತ್ರ ನನಗೆ ಯಾರನ್ನೂ ಹಳಿಯಬೇಕೆನ್ನಿಸಲಿಲ್ಲ. ಪ್ರಾರ್ಥನೆ ಮುಗಿಯಿತು, ಅವನು ಹೋದ. ಮತ್ತೆಂದೂ ಬರಲಿಲ್ಲ. ಕದ್ದೀಶ್ ಹೇಳಲು ಪ್ರತಿ ಶುಕ್ರವಾರ ಬೆಳಗಾವಿಯ ಬಸ್ಸು ಹತ್ತುತ್ತಿದ್ದನಂತೆ.

ಈಗ ನನ್ನ ಕಾಲೊಂದು ಮುರಿದಿದೆ. ಮಂದಿರದ ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದಾರೆ. ಹಾಯೀಮ್ ಬುದ್ಧಿ ಕಲಿತರೆಂದುಕೊಂಡಿರಾ? ನಾಯಿ ಬಾಲ ಡೊಂಕೇ. ಮೂವತ್ತು ಪ್ಲಾಸ್ಟಿಕ್ ಕುರ್ಚಿ ತರಿಸಿ, ಒಂದೊಂದರ ಬೆನ್ನಿಗೂ ಸತ್ತ ಹಿರಿಯರೊಬ್ಬರ ಹೆಸರು ಬರೆಸಿದ್ದಾರೆ. ಬರುವ ಗಂಡಸರು ಆರು. ಕನಿಕರ ಪಡಬೇಕೆಂದು ನೋಡುತ್ತೇನೆ, ಬರುವುದಿಲ್ಲ.

ಮೊನ್ನೆ ಮುದುಕರಾದ ಹಾಯೀಮ್ ತಮ್ಮ ಮಗನನ್ನು ಕೇಳಿದರು: "ನಾ ಹೋದ ಮ್ಯಾಲೆ ಕದ್ದೀಶಿಗೆ ಹತ್ತು ಮಂದಿನ ಎಲ್ಲಿಂದ ತರ್ತೀಯೋ?"

ಮಗ ಕುರ್ಚಿಗಳ ಧೂಳು ಒರೆಸುತ್ತಿದ್ದ.