ಬೇಲಿಯೊಳಗಿನ ಬೇವು

“ಕೈಯಾಗ ಏನೈತಿ ರಂಡಿ? ಸರಕಾರದ ಗಿಡಾ ಮುರದು ನನ್ನ ಮುಂದನ ನಿಂದರ್ತಿ?”

ಅರಣ್ಯ ಇಲಾಖೆಯ ಗಾರ್ಡ್ ಹೀಗೆ ಒದರಿದಾಗ ಫಕೀರಬಿಯ ಸೆರಗಿನ ಅಂಚು ಇನ್ನೂ ಹೊಗೆಯಾಡುತ್ತಿತ್ತು. ಅವಳ ಕೈಯಲ್ಲಿದ್ದದ್ದು ಬೇವಿನ ಟೊಂಗೆ, ಎಲೆಯೆಲ್ಲ ಸುಟ್ಟು ಮುರುಟಿತ್ತು. ಅಂಥ ಟೊಂಗೆಗಳಿಂದಲೇ ಬಡಿದು ಬಡಿದು ಅವಳೂ ನಾವು ಕೂಲಿಯವರೂ ಬೆಂಕಿಯನ್ನು ಸಸಿತೋಪಿನ ತಂತಿಬೇಲಿಯ ಹತ್ತಿರ ನಿಲ್ಲಿಸಿದ್ದೆವು.

ಬೆಂಕಿ ಹಚ್ಚಿದವರು ನಾವೇ. ಬೇಸಿಗೆಗೆ ಮೊದಲು ಗುಡ್ಡದ ಒಣಹುಲ್ಲನ್ನು ಉದ್ದಕ್ಕೆ ಪಟ್ಟಿಯಾಗಿ ಸುಟ್ಟುಬಿಟ್ಟರೆ ಮುಂದೆ ಬರುವ ಕಾಳ್ಗಿಚ್ಚು ಅಲ್ಲಿಗೇ ನಿಲ್ಲುತ್ತದೆ. ಇಬ್ಬನಿ ಆರುವ ಮೊದಲು, ಗಾಳಿ ಇಲ್ಲದಾಗ ಮಾಡುವ ಕೆಲಸ ಅದು. ಆದರೆ ಗದಗಿನ ಸಾಹೇಬ ಸಂಜೆಗೇ ನೋಡಲು ಬರುತ್ತಾನೆಂದು ಗಾರ್ಡ್ ನಡುಮಧ್ಯಾಹ್ನ ಕಡ್ಡಿ ಗೀರಿಸಿದ. “ಗಾಳಿ ಐತ್ರಿ ಯಪ್ಪಾ, ಬ್ಯಾಡ್ರಿ” ಎಂದ ನಮ್ಮ ಜೊತೆಯ ಕೂಲಿ ಹೊಳೆಯಪ್ಪನಿಗೆ “ನಿಮ್ಮಪ್ಪನ ಗುಡ್ಡ ಏನಲೇ ಇದು?” ಎಂಬ ಉತ್ತರ ಸಿಕ್ಕಿತ್ತು. ಗದಗ ಹೊಸ ಜಿಲ್ಲೆಯಾಗಿ ನಮಗಾದ ಲಾಭ ಇಷ್ಟೇ, ಧಾರವಾಡದಲ್ಲಿದ್ದ ಸಾಹೇಬರು ಹತ್ತಿರ ಬಂದರು.

ಬೆಂಕಿ ಪಟ್ಟಿ ದಾಟಿ ತೋಪಿನ ಕಡೆ ಓಡಿತು. ಬಡಿಯಲು ಹಸಿ ಟೊಂಗೆ ಬೇಕು. ಗುಡ್ಡದಲ್ಲಿ ಆಗ ಹಸಿರಾಗಿದ್ದವು ಇಲಾಖೆಯ ಸಸಿಗಳು ಮಾತ್ರ. ಆ ಕಡೆ ಆಡು ಮೇಯಿಸುತ್ತಿದ್ದ ಫಕೀರಬಿ ಓಡಿಬಂದು, ಬೇಲಿ ನುಸುಳಿ, ಕೈಗೆ ಸಿಕ್ಕ ಬೇವಿನ ಟೊಂಗೆಗಳನ್ನು ಲಟಲಟನೆ ಮುರಿದು ನಮಗೂ ಎಸೆದಳು. ಬೆಂಕಿ ಎದುರಿಗಿರುವಾಗ ಗಿಡ ಯಾರದೆಂದು ಕೇಳುವ ರೂಢಿ ನಮ್ಮಲ್ಲಿಲ್ಲ. ತಪ್ಪಾದದ್ದು ಅಲ್ಲಿಯೇ.

ಆ ಸಸಿಗಳ ಮೇಲೆ ಅವಳಿಗೆ ಜೀವ. ಅವು ದೊಡ್ಡವಾದ ಮೇಲೆ ಒಳಗೆ ಮೇಯಲು ಬಿಡುತ್ತೇನೆಂದು ಗಾರ್ಡೇ ಮಾತು ಕೊಟ್ಟಿದ್ದ. ಸುಳಿ ಕಡಿದರೆ ಸಸಿ ಮೇಲೇಳುವುದಿಲ್ಲವೆಂದು ಅವಳು ಆಡುಗಳನ್ನು ಬೇಲಿಯ ಹತ್ತಿರವೂ ಸುಳಿಯಗೊಡುತ್ತಿರಲಿಲ್ಲ. ಈಗ ಗಾರ್ಡ್ ಆ ಆಡುಗಳನ್ನೆಲ್ಲ ಹಿಡಿಸಿ ತೋಪಿನ ಬಾಗಿಲ ಮುಂದೆ ಗೂಟಕ್ಕೆ ಕಟ್ಟಿಸಿದ್ದ. ಮರಿಗಳನ್ನು ಮನೆಯಲ್ಲಿ ಬಿಟ್ಟುಬಂದ ತಾಯಾಡುಗಳು ಕೆಚ್ಚಲು ಬಿಗಿದು ಒದರುತ್ತಿದ್ದವು.

ಜೀಪು ಕಂಡಿತು. ಗಾರ್ಡ್ ಅವಳ ಹತ್ತಿರ ಬಗ್ಗಿದ.

“ಚಿಗರ ಹುಲ್ಲು ಬರಲಿ ಅಂತ ನಾನ ಬೆಂಕಿ ಹಚ್ಚೀನಿ ಅನ್ನು. ಆಡು ಹೊಡಕೊಂಡು ಹೋಗೀಯಂತ. ಇಲ್ಲಂದ್ರ ಇವತ್ತ ಮುಂಡರಗಿಗೆ ಸಾಗಸಿ ಹರಾಜ ಮಾಡಸ್ತೀನಿ.”

ಫಕೀರಬಿ ಸೀದಾ ಜೀಪಿನಿಂದಿಳಿದ ಸಾಹೇಬನ ಮುಂದೆ ಹೋಗಿ ನಿಂತಳು. “ಬೆಂಕಿ ನಾ ಹಚ್ಚಿಲ್ರಿ. ಆರಿಸೀನ್ರಿ.”

“ಹಚ್ಚು ಅಂದಾವ ಇಂವಾ ರೀ” ಎಂದ ಹೊಳೆಯಪ್ಪ. ಗಾರ್ಡನ ಕೈ ಅವನ ಕಪಾಳಕ್ಕೆ ಬಿತ್ತು. ಸಾಹೇಬ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಹೊಗೆಯ ಕಡೆ ನೋಡಿದ.

“ಈ ಜನಾ ಇರೋತನಕ ಗುಡ್ಡ ಹಸರ ಆಗಂಗಿಲ್ಲ. ಉಳದದ್ದನ್ನ ಆಡು ತಿಂತಾವು. ಸಾಗಸ್ರಿ ಅವನ್ನ.”

“ನನ್ನ ಆಡು ತಿಂದಾವೇನ್ರಿ? ಒಂದ ಎಲಿ ಕಡದಿದ್ದು ತೋರಸ್ರಿ!”

ಸಾಹೇಬ ಆಗಲೇ ಬೆನ್ನು ತಿರುಗಿಸಿದ್ದ.

ಫಕೀರಬಿ ಗೂಟದ ಹಗ್ಗಗಳನ್ನು ಬಿಚ್ಚತೊಡಗಿದಳು. ಗಾರ್ಡ್ ಓಡಿಬಂದ. ನಾವು ಹೆಂಗಸರು ಅಡ್ಡ ನಿಂತೆವು. “ಆಚಿ ಸರಿ ಗದಿಗೆವ್ವಾ, ನಾಳಿಂದ ಕೂಲಿ ಇಲ್ಲ ನಿನಗ” ಎಂದು ನನ್ನನ್ನು ನೂಕಿದ. ನಾನು ಸರಿಯಲಿಲ್ಲ.

ಫಕೀರಬಿ ತೋಪಿನ ಬಾಗಿಲನ್ನು ಅಗಲಕ್ಕೆ ತೆಗೆದಳು. ಆಡುಗಳು ಒಳಗೆ ಕಾಲಿಡಲಿಲ್ಲ, ಬೈಗುಳಕ್ಕೆ ಕಾಯುವವರ ಹಾಗೆ ಅವಳ ಮುಖ ನೋಡಿದವು.

“ಹೋಗ್ರೆವ್ವಾ, ಹೋಗ್ರಿ. ಹೆಂಗೂ ತಿಂದವರಾದ್ರಿ. ಹೊಟ್ಟಿ ತುಂಬ ತಿನ್ರಿ.”

ಆದರೂ ಹೋಗಲಿಲ್ಲ. ಕೊನೆಗೆ ಅವಳೇ ಮುಂದಿನ ಆಡಿನ ಕೊರಳು ಹಿಡಿದು ಒಳಗೆ ನೂಕಿದಳು. ಅದು ಬೇವಿನ ಸುಳಿಗೆ ಬಾಯಿ ಹಾಕಿತು. ಫಕೀರಬಿ ಅಳುತ್ತಲೇ ಮುಂದಿನದರ ಕೊರಳಿಗೆ ಕೈ ಹಾಕಿದಳು.