ಸೂರ್ಯನ ಕಾಫಿಗೆ ಮುಂಚೆ ಐದು ಹೆಸರು

ಶುಕ್ರವಾರದೊಳಗೆ ಐದು ಹೆಸರು ಬರೆದುಕೊಡು ಎಂದು ಮ್ಯಾನೇಜರ್ ಎಯ್ವಿಂದುರ್ ಹೇಳಿಹೋದ ದಿನದಿಂದ ಸ್ಟೈನುನ್‌ಗೆ ಊಟ ರುಚಿಸಿರಲಿಲ್ಲ. ಮೀನಿನ ಕಾರ್ಖಾನೆಯಲ್ಲಿ ಮೂಳೆ ತೆಗೆಯುವ ಮೇಜಿಗೆ ಅವಳೇ ಹಿರಿಯಳು. ಅವಳೂ ಸೇರಿ ಹನ್ನೊಂದು ಹೆಂಗಸರು. ಶರತ್ಕಾಲದಲ್ಲಿ ಬಂದ ಹೊಸ ಯಂತ್ರವೋ ಒಂದೊಂದು ಮೀನಿನ ಒಳಗನ್ನೂ ಇಣುಕಿ ನೋಡಿ, ಎಲ್ಲಿ ಕತ್ತರಿಸಬೇಕೆಂದು ತಾನೇ ಯೋಚಿಸಿ, ನೀರನ್ನು ರಭಸವಾಗಿ ಚಿಮ್ಮಿಸಿಯೇ ಮೂಳೆ ಸೀಳಿ ತೆಗೆಯುತ್ತಿತ್ತು. ಇನ್ನು ಆರು ಜನ ಸಾಕು, ಐದು ಜನ ಮನೆಗೆ. ಯಾರೆಂದು ಮಾತ್ರ ಸ್ಟೈನುನ್ ಹೇಳಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಜಾಣತನ ಮ್ಯಾನೇಜರನದು.

ಅಡಿಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಳು. ಬೋಜೆನಾ ಹೆಸರು ಬರೆಯೋಣವೆಂದರೆ, ಪೋಲೆಂಡಿನಿಂದ ಬಂದು ಇಲ್ಲೇ ಬೇರೂರಿದವಳು. ಕೆಲಸವಿಲ್ಲದೆ ಊರು ಬಿಟ್ಟು, ಜೊತೆಗೆ ಅವಳ ಮೂರು ಮಕ್ಕಳೂ ಹೋದರೆ ಊರ ಶಾಲೆಯಲ್ಲಿ ಉಳಿಯುವುದು ಒಂಬತ್ತೇ. ಗ್ರೋವಾ ಹೆಸರು ಬರೆದರೆ ಚರ್ಚಿನಲ್ಲಿ ಆರ್ಗನ್ ನುಡಿಸಲು ಜನವಿಲ್ಲ. ತನ್ನ ಹೆಸರನ್ನೇ ಬರೆದಳು, ಹೊಡೆದುಹಾಕಿದಳು. ಆಮೇಲೆ ಬೇರೇನೋ ಬರೆದಳು. ಬರೆದದ್ದನ್ನು ಓದಿಕೊಂಡು ಒಬ್ಬಳೇ ನಕ್ಕಳು.

ಗುರುವಾರ ಸಂಜೆ ಎಯ್ವಿಂದುರ್ ಎಂದಿನಂತೆ ಈಜುಕೊಳದ ಬಿಸಿನೀರಿನ ತೊಟ್ಟಿಗೆ ಬಂದ. ಆ ತೊಟ್ಟಿಯೇ ಊರಿನ ಪಂಚಾಯ್ತಿ ಕಟ್ಟೆ. ಕುತ್ತಿಗೆವರೆಗೆ ನೀರಲ್ಲಿ ಕೂತ ಮೇಲೆ ಮ್ಯಾನೇಜರ್ ಯಾರು, ಮೀನು ಸೀಳುವವಳು ಯಾರು? ಆವಿ ಸ್ವಲ್ಪ ಸರಿದಾಗ ನೋಡುತ್ತಾನೆ, ಸುತ್ತ ಹನ್ನೊಂದು ತಲೆ. ಎದ್ದು ಹೋಗೋಣವೆಂದರೆ ಹೊರಗೆ ಹಿಮಗಾಳಿ. ಅವನ ಟವೆಲ್ ಆಗಲೇ ಬೋಜೆನಾಳ ವಶವಾಗಿತ್ತು.

"ಪಟ್ಟಿ ತಂದಿದೀನಿ," ಎಂದು ಸ್ಟೈನುನ್ ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ಕೊಟ್ಟಳು.

ಅವನು ಓದಿದ. "ಹನ್ನೆರಡು, ಒಂದು, ಎರಡು, ಮೂರು. ಏನೇ ಇದು?"

"ಮನೆಗೆ ಕಳಿಸ್ಬೇಕಾದ್ದು ಜನಾನಲ್ಲ, ಈ ಗಂಟೆಗಳನ್ನ. ಈಗ ನಾಲ್ಕರವರೆಗೆ ದುಡೀತೀವಿ, ಇನ್ಮೇಲೆ ಎಂಟಕ್ಕೆ ಬರ್ತೀವಿ, ಹನ್ನೆರಡು ಹೊಡೀತಿದ್ದಂಗೆ ಹೊರಡ್ತೀವಿ. ಹನ್ನೊಂದು ಜನಾನೂ, ಈಗಿನ ಸಂಬಳಕ್ಕೇ."

"ನಾನು ಐದು ಕೇಳಿದ್ದೆ. ಇಲ್ಲಿ ನಾಲ್ಕಿದೆ."

"ಐದನೇದು ನಿನ್ನ ಹೆಸರು ಬರ್ಕೋ," ಎಂದಳು ಬೋಜೆನಾ. "ಯಂತ್ರ ತಾನೇ ಯೋಚ್ನೆ ಮಾಡತ್ತಂತಲ್ಲ. ಮ್ಯಾನೇಜರ್ ಯಾಕೆ ಮತ್ತೆ?"

ತೊಟ್ಟಿ ತುಳುಕುವಷ್ಟು ನಗು ಎದ್ದಿತು. ಎಯ್ವಿಂದುರನ ಕಿವಿ ಕೆಂಪಾದವು, ಬಿಸಿನೀರಿನಿಂದ ಎಂದುಕೊಳ್ಳೋಣ.

"ಯಂತ್ರಕ್ಕೆ ಸುರಿದ ದುಡ್ಡು ಯಾರು ಕೊಡ್ತಾರೆ?" ಎಂದ.

"ಮೀನು ಕೊಡತ್ತೆ," ಎಂದಳು ಸ್ಟೈನುನ್. "ಅಕ್ಟೋಬರಲ್ಲಿ ಇದೇ ತೊಟ್ಟೀಲಿ ಕೂತು ಕೊಚ್ಕೊಂಡೋನು ನೀನೇ ಅಲ್ವೇನೋ? ಮೂಳೆ ಜೊತೆ ಹಾಳಾಗ್ತಿದ್ದ ಮಾಂಸ ಉಳಿದ್ರೆ ಸಾಕು, ಯಂತ್ರದ ಬೆಲೆ ಅದ್ರಲ್ಲೇ ಬಂದ್ಬಿಡತ್ತೆ ಅಂತ."

ಹತ್ತು ತಲೆಗಳು ಹೌದು ಹೌದೆಂದು ಆಡಿದವು. ಬೇರೆಲ್ಲಾದರೂ ಆಡಿದ ಮಾತನ್ನು ನುಂಗಬಹುದು, ಆ ತೊಟ್ಟಿಯಲ್ಲಿ ಆಡಿದ್ದನ್ನು ನುಂಗುವಂತಿಲ್ಲ.

"ಆರು ಜನ ದಿನವಿಡೀ ಮಾಡೋದನ್ನ ಹನ್ನೊಂದು ಜನ ಹನ್ನೆರಡರೊಳಗೆ ಮುಗಿಸ್ತೀವಿ. ಮೀನು ಅಷ್ಟೇ ಹೋಗತ್ತೆ, ಹಣಾನೂ ಅಷ್ಟೇ ಬರತ್ತೆ," ಎಂದಳು. "ಕಮ್ಮಿ ಆಗೋದು ನಮ್ಮ ಸೊಂಟನೋವು ಮಾತ್ರ." ಆಮೇಲೆ ದನಿ ತಗ್ಗಿಸಿದಳು. "ನಾಳೆ ಸೂರ್ಯನ ಕಾಫಿ ಕಣೋ. ನಿಮ್ಮಮ್ಮ ಇಪ್ಪತ್ತಾರು ವರ್ಷ ನನ್ನ ಪಕ್ಕದಲ್ಲೇ ನಿಂತು ಮೂಳೆ ಕಿತ್ತಳು. ಒಂದು ಸಲಾನೂ ಆ ಸೂರ್ಯನ್ನ ನೋಡ್ಲಿಲ್ಲ."

ನವೆಂಬರಿನಲ್ಲಿ ಬೆಟ್ಟದ ಹಿಂದೆ ಅಡಗುವ ಸೂರ್ಯ ಜನವರಿ ಕೊನೆಗೊಂದು ದಿನ ಹನ್ನೆರಡೂವರೆಗೆ ತಲೆ ಎತ್ತಿ, ಹತ್ತು ನಿಮಿಷ ಬೀದಿಯಲ್ಲಿ ನಿಂತು ಹೋಗುತ್ತಾನೆ. ಊರೆಲ್ಲ ಕಾಫಿ ಕಾಸಿ, ತೆಳ್ಳನೆ ಸಿಹಿದೋಸೆ ಹುಯ್ದು ಅವನನ್ನು ಎದುರುಗೊಳ್ಳುತ್ತದೆ. ಮೂಳೆ ಮೇಜಿನವರಿಗೆ ಮಾತ್ರ ಕಿಟಕಿಯಿಲ್ಲದ ಕೋಣೆ, ಟ್ಯೂಬ್‌ಲೈಟು. ಆ ದಿನ ಭಾನುವಾರ ಬಿದ್ದಾಗಲೆಲ್ಲ ಮೋಡ.

"ಗೊತ್ತು," ಎಂದ ಎಯ್ವಿಂದುರ್. "ಅಮ್ಮನ ಪಾಲಿನ ದೋಸೆ ನಾನೇ ತಟ್ಟೆ ಮುಚ್ಚಿಡ್ತಿದ್ದೆ. ಬರೋ ಹೊತ್ತಿಗೆ ಆರಿಹೋಗಿರ್ತಿತ್ತು." ಆಮೇಲೆ ಕೈ ಚಾಚಿ, "ಟವೆಲ್ ಕೊಡು ಬೋಜೆನಾ. ನಾಳೆ ಹನ್ನೆರಡಕ್ಕೆ ಯಂತ್ರ ನಿಲ್ಲಿಸ್ತೀನಿ."

"ನಾಳೆ ಮಾತ್ರಾನಾ?" ಬೋಜೆನಾ ಟವೆಲನ್ನು ಬಿಗಿಯಾಗಿ ಹಿಡಿದಿದ್ದಳು.

"ದಿನಾ."

ಟವೆಲ್ ಅವನ ಕೈ ಸೇರಿತು.

ಶುಕ್ರವಾರ ಹನ್ನೆರಡಕ್ಕೆ ಯಂತ್ರ ಉಸಿರುಬಿಟ್ಟು ನಿಂತಿತು. ಹನ್ನೊಂದು ಜನ ಬಿಳಿ ಏಪ್ರನ್ನಿನಲ್ಲೇ ಹೊರಗೆ ಬಂದರು. ಕಾರ್ಖಾನೆಯ ಮುಂದೆ ಎಯ್ವಿಂದುರ್ ಒಲೆ ಹೂಡಿಕೊಂಡು ದೋಸೆ ಹುಯ್ಯುತ್ತಿದ್ದ. ಮೊದಲನೆಯದು ಕರಕಲು, ಎರಡನೆಯದು ಹರಿದುಹೋಯಿತು. ಮೂರನೆಯದನ್ನು ಹಬೆಯಾಡುತ್ತಿದ್ದಂತೆಯೇ ಸ್ಟೈನುನ್‌ಳ ಕೈಗಿಟ್ಟ. ಸಕ್ಕರೆ ಇನ್ನೂ ಕರಗುತ್ತಿತ್ತು.

ಅಷ್ಟರಲ್ಲಿ ಬೆಟ್ಟದ ಹೆಗಲು ಹೊಳೆಯಿತು, ಬೀದಿಗೆ ಬೆಳಕು ಇಳಿಯಿತು. ಸ್ಟೈನುನ್ ಕಣ್ಣು ಕಿರಿದು ಮಾಡಿಕೊಂಡು ತಲೆ ತಗ್ಗಿಸಿದಳು. ಹಿಮದ ಮೇಲೆ ಹೆಂಗಸರ ಉದ್ದುದ್ದ ನೆರಳುಗಳು ಸಾಲಾಗಿ ಬಿದ್ದಿದ್ದವು. ದೋಸೆ ಬಾಯಲ್ಲಿಟ್ಟುಕೊಂಡೇ ಎಣಿಸಿದಳು. ಹನ್ನೊಂದೂ ಇದ್ದವು.